ಮಗಳಿಂದ ಬರೆಸಿಕೊಂಡ ಮುಚ್ಚಳಿಕೆ

ನನ್ನ ಮಗಳ ಎಡಗಣ್ಣು ಹೋದಾಗ ಅವಳು ಹತ್ತನೇ ತರಗತಿಯಲ್ಲಿದ್ದಳು. ಹೋಯಿತು ಎಂದರೆ ಕಣ್ಣು ಇದ್ದ ಜಾಗದಲ್ಲೇ ಇದೆ, ನೋಡಿದವರಿಗೆ ಗೊತ್ತೂ ಆಗುವುದಿಲ್ಲ. ಟಾರ್ಚ್ ಬಿಟ್ಟರೆ ಬೆಳಕು ಬಂತು ಎನ್ನುತ್ತಾಳೆ, ಮುಂದೆ ಕೈ ಆಡಿಸಿದರೆ ಏನೋ ಆಡಿದ ಹಾಗಾಯಿತು ಎನ್ನುತ್ತಾಳೆ. ಉಳಿದಿರುವುದು ಅಷ್ಟೇ. ಒಂದು ವಾರ ಮೊದಲು ಕರೆತಂದಿದ್ದರೆ ಉಳಿಸಬಹುದಿತ್ತು ಎಂದರು ಡಾಕ್ಟರು. ಅವಳಿಗೆ ತೊಂದರೆ ಶುರುವಾಗಿ ಆಗಲೇ ಹತ್ತೊಂಬತ್ತು ದಿನವಾಗಿತ್ತು. ಆ ಹತ್ತೊಂಬತ್ತು ದಿನವೂ ಅವಳು ನನ್ನ ಎದುರು ಕೂತು ಊಟ ಮಾಡಿದ್ದಳು.

ಈ ವಯಸ್ಸಿನ ಮಕ್ಕಳ ತಲೆಯಲ್ಲಿ ಏನು ಓಡುತ್ತದೋ ದೇವರಿಗೇ ಗೊತ್ತು ಎಂದು ನೆಂಟರಿಷ್ಟರು ಸಮಾಧಾನ ಹೇಳಿದರು. ಕೆಲವು ದಿನ ನಾನೂ ಆ ಮಾತನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಬಹಳ ಅನುಕೂಲದ ಮಾತು ಅದು. ದೇವರ ಮೇಲೆ ಹಾಕಿಬಿಟ್ಟರೆ ನಮ್ಮ ಮೇಲೆ ಏನೂ ಬರುವುದಿಲ್ಲ. ಅವಳ ತಲೆಯಲ್ಲಿ ಏನು ಓಡುತ್ತಿತ್ತು ಎಂಬುದು ಆಮೇಲೆ ನನಗೆ ಗೊತ್ತಾಯಿತು, ಅದೂ ಅವಳ ಬಾಯಿಂದಲೇ. ಗೊತ್ತಾಗದಿದ್ದರೇ ಚೆನ್ನಾಗಿತ್ತು ಎಂದು ಎಷ್ಟೋ ಸಲ ಅನ್ನಿಸಿದೆ.

ನಾನು ಯಾರು ಎಂದು ಮೊದಲು ಹೇಳಿಬಿಡಬೇಕು, ಇಲ್ಲದಿದ್ದರೆ ನನ್ನ ದಡ್ಡತನದ ಆಳ ನಿಮಗೆ ತಿಳಿಯುವುದಿಲ್ಲ. ಮೇಟಗಳ್ಳಿಯ ಒಂದು ಕಾರ್ಖಾನೆಯಲ್ಲಿ ಸೇಫ್ಟಿ ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಯಾರಿಗಾದರೂ ಏಟಾದರೆ ಹೇಗಾಯಿತು, ಯಾಕಾಯಿತು ಎಂದು ಕೆದಕಿ ಕೆದಕಿ ಕೇಳಿ ವರದಿ ಬರೆಯುವುದು ನನ್ನ ಕೆಲಸ. ತಪ್ಪು ಮಾಡಿದ ಕೆಲಸಗಾರನಿಂದ ಮುಚ್ಚಳಿಕೆ ಬರೆಸಿಕೊಳ್ಳುವುದೂ ನಾನೇ. 'ಇನ್ನು ಮುಂದೆ ಹೆಲ್ಮೆಟ್ ಇಲ್ಲದೆ ಒಳಗೆ ಬರುವುದಿಲ್ಲ, ಬಂದರೆ ಆಡಳಿತ ಮಂಡಳಿಯ ಕ್ರಮಕ್ಕೆ ಬದ್ಧನಾಗಿರುತ್ತೇನೆ, ಇದಕ್ಕೆ ಯಾರ ಒತ್ತಾಯವೂ ಇಲ್ಲ' ಎಂದು ಬರೆದು ಸಹಿ ಹಾಕಿಸುತ್ತೇವೆ. ಒತ್ತಾಯದಿಂದ ಬರೆಸುವ ಕಾಗದದ ಕೊನೆಯ ಸಾಲು ಯಾವಾಗಲೂ ಅದೇ.

ನಮ್ಮ ಕಾರ್ಖಾನೆಯ ಗೇಟಿನಲ್ಲಿ ಮೊದಲು ಒಂದು ಬೋರ್ಡಿತ್ತು. ಅಪಘಾತವಿಲ್ಲದೆ ಎಷ್ಟು ದಿನ ಕಳೆಯಿತು ಎಂದು ದಿನಾ ಬೆಳಿಗ್ಗೆ ಅದರಲ್ಲಿ ಅಂಕಿ ಬದಲಾಯಿಸುತ್ತಿದ್ದರು. ನೂರು ದಿನವಾದರೆ ಎಲ್ಲರಿಗೂ ಒಂದೊಂದು ಸ್ವೀಟ್ ಬಾಕ್ಸ್. ಯಾರಿಗಾದರೂ ಏಟಾದರೆ ಅಂಕಿ ಮತ್ತೆ ಸೊನ್ನೆಗೆ ಬರುತ್ತಿತ್ತು. ಒಮ್ಮೆ ತೊಂಬತ್ತೇಳನೆಯ ದಿನ ಪ್ರೆಸ್ ಮೆಷಿನ್ನಿಗೆ ಸಿಕ್ಕಿ ಒಬ್ಬನ ಬೆರಳು ಜಜ್ಜಿತು. ಅವನು ಅದಕ್ಕೆ ಬಟ್ಟೆ ಸುತ್ತಿಕೊಂಡು, ಕೈಯನ್ನು ಜೇಬಿನಲ್ಲಿಟ್ಟುಕೊಂಡು ಮೂರು ದಿನ ಕೆಲಸ ಮಾಡಿದ. ಜೊತೆಯವರೇ ಸುಮ್ಮನಿರು ಎಂದಿದ್ದರಂತೆ. ಬೆರಳು ಕೊಳೆತು ಎರಡು ಗೆಣ್ಣು ತೆಗೆಯಬೇಕಾಯಿತು. ಬೋರ್ಡ್ ತೆಗೆಸದಿದ್ದರೆ ಇಂಥವು ಇನ್ನೂ ಆಗುತ್ತವೆ ಎಂದು ನಾನು ಮ್ಯಾನೇಜರ ಹತ್ತಿರ ಜಗಳವಾಡಿದೆ. ಕೊನೆಗೆ ತೆಗೆಸಿದೆ. ಜೀವಮಾನದಲ್ಲಿ ನಾನು ಗೆದ್ದ ಜಗಳ ಅದೊಂದೇ ಇರಬೇಕು. ಮನೆಗೆ ಬಂದು ಬಸ್ಸಾರಿನಲ್ಲಿ ಮುದ್ದೆ ಮುರಿಯುತ್ತಾ ಅದನ್ನೆಲ್ಲ ಬಣ್ಣಿಸಿದೆ.

ಆಗ ಏಳನೇ ತರಗತಿಯಲ್ಲಿದ್ದ ಮಗಳು ಊಟ ನಿಲ್ಲಿಸಿ, "ಏಟು ಬಿದ್ದಿದ್ದು ಅವ್ರಿಗೆ, ನೋವಾಗ್ತಿದ್ದಿದ್ದೂ ಅವ್ರಿಗೆ. ಯಾಕಪ್ಪ ಹೇಳ್ಲಿಲ್ಲ?" ಎಂದು ಕೇಳಿದಳು.

"ಹೆದರಿಸಿಟ್ರೆ ಜನ ಗಾಯ ಮುಚ್ಚಿಡ್ತಾರೆ ಕಣಮ್ಮ. ಹೇಳಿದ್ರೆ ಏನೋ ಕಳ್ಕೊಳ್ತೀವಿ ಅಂತ ಗೊತ್ತಾದ ಮೇಲೆ ಯಾರೂ ಹೇಳಲ್ಲ" ಎಂದೆ. ಎಷ್ಟು ಚೆನ್ನಾಗಿ ಹೇಳಿದೆ ಎಂದು ಹೆಂಡತಿಯ ಮುಖವನ್ನೂ ನೋಡಿದೆ.

ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎನ್ನುತ್ತಾರಲ್ಲ, ಅದನ್ನು ನಾನು ಮಾಡಲು ಎರಡೂವರೆ ವರ್ಷ ಹಿಡಿಯಿತು.

ಮಗಳು ಖೊ-ಖೊ ಆಡುತ್ತಿದ್ದಳು. ಸುಮ್ಮನೆ ಆಡುವುದಲ್ಲ, ಅದರಲ್ಲೇ ಮುಳುಗಿದ್ದಳು. ದಪ್ಪ ಗಾಜಿನ ಕನ್ನಡಕದ ಹುಡುಗಿ, ಅದನ್ನು ತೆಗೆದು ಪಿ.ಟಿ. ಮೇಷ್ಟ್ರ ಕೈಗೆ ಕೊಟ್ಟು ಅಂಕಣಕ್ಕಿಳಿದರೆ ಬೇರೆಯೇ ಆಗಿಬಿಡುತ್ತಿದ್ದಳು. ಒಂಬತ್ತನೇ ತರಗತಿಯಲ್ಲಿ ಕಂಬ ಹಿಡಿದು ತಿರುಗುವಾಗ ಕಾಲು ಉಳುಕಿ ಒಂದೂವರೆ ತಿಂಗಳು ಕುಂಟಿದಳು. ಪರೀಕ್ಷೆಗೂ ಕುಂಟಿಕೊಂಡೇ ಹೋದಳು. ನನಗೆ ತಡೆಯಲಾರದ ಸಿಟ್ಟು. ಹತ್ತನೇ ತರಗತಿ ಶುರುವಾದ ಮೊದಲ ಭಾನುವಾರ ಅವಳನ್ನು ನಡುಮನೆಯಲ್ಲಿ ಕೂರಿಸಿ, ಒಂದು ಬಿಳಿ ಹಾಳೆ ಕೊಟ್ಟು, ಬರಿ ಎಂದೆ. ಕಾರ್ಖಾನೆಯ ಒಕ್ಕಣೆಯೇ ನಾಲಿಗೆಯ ತುದಿಯಲ್ಲಿತ್ತು. 'ನಾನು ಇನ್ನು ಮುಂದೆ ಆಟದಲ್ಲಿ ಏಟು ಮಾಡಿಕೊಂಡರೆ ಖೊ-ಖೊ ಆಡುವುದನ್ನು ನಾನಾಗಿಯೇ ಬಿಟ್ಟುಬಿಡುತ್ತೇನೆ. ಇದಕ್ಕೆ ಯಾರ ಒತ್ತಾಯವೂ ಇಲ್ಲ.' ಅವಳು ದುಂಡಗಿನ ಅಕ್ಷರದಲ್ಲಿ ಬರೆದು, ಕೆಳಗೆ ಪೂರ್ತಿ ಹೆಸರು ಬರೆದು, ತಾರೀಕು ಹಾಕಿದಳು. ಅದನ್ನು ಬೀರುವಿನಲ್ಲಿ ಸೈಟಿನ ಕಾಗದಪತ್ರಗಳ ಜೊತೆ ಇಟ್ಟೆ.

ನನ್ನ ಹೆಂಡತಿ ಪ್ರಾಥಮಿಕ ಶಾಲೆಯ ಟೀಚರು. ಮಕ್ಕಳ ವಿಷಯದಲ್ಲಿ ನನಗಿಂತ ಹೆಚ್ಚು ಬಲ್ಲವಳು. "ಮಗು ಕೈಲಿ ಇಂಥದ್ದೆಲ್ಲ ಬರೆಸ್ಬೇಡಿ ಕಣ್ರೀ. ಅವ್ಳು ನಿಮ್ಮಂಗೇ ಮೊಂಡು. ಬರೆದಿದ್ದನ್ನ ಹಿಡ್ಕೊಂಡು ಕೂತ್ಬುಡ್ತಾಳೆ" ಎಂದಳು.

"ಕೂರ್ಲಿ ಅಂತಾನೇ ಬರೆಸಿರೋದು" ಎಂದೆ.

ಅದೇ ವರ್ಷ ಅವಳ ಶಾಲೆಯ ತಂಡ ತಾಲ್ಲೂಕು ಗೆದ್ದಿತು, ಜಿಲ್ಲೆ ಗೆದ್ದಿತು. ವಿಭಾಗ ಮಟ್ಟದಲ್ಲಿ ಗೆದ್ದರೆ ರಾಜ್ಯ ಮಟ್ಟಕ್ಕೆ. ಆ ಪಂದ್ಯ ಒಂದು ಶನಿವಾರ ಸಂಜೆ ನಡೆಯಿತು, ಗೆದ್ದರು. ಮನೆಗೆ ಬಂದವಳು ಯಾಕೋ ಮಂಕಾಗಿದ್ದಳು. ಸುಸ್ತಾಗಿರಬೇಕು ಎಂದುಕೊಂಡೆವು. ಭಾನುವಾರ ಬೆಳಿಗ್ಗೆ ನಾನು ಪೇಪರ್ ಓದುತ್ತಿದ್ದಾಗ ಬಂದು ಎದುರಿಗೆ ನಿಂತಳು. ಸ್ನಾನ ಮಾಡಿ, ತಲೆ ಬಾಚಿಕೊಂಡು, ಸ್ಕೂಲಿಗೆ ಹೊರಟವಳ ಹಾಗೆ ನೆಟ್ಟಗೆ ನಿಂತಿದ್ದಳು.

"ಅಪ್ಪ, ನಾನು ಇವತ್ತಿಂದ ಖೊ-ಖೊ ಬಿಟ್ಟೆ."

ನನಗೆ ಖುಷಿಯಾಯಿತು. ಅದನ್ನು ಇಲ್ಲಿ ಬರೆಯಲು ನಾಚಿಕೆಯಾಗುತ್ತದೆ, ಆದರೆ ಆದದ್ದು ಖುಷಿಯೇ. "ಒಳ್ಳೇದಾಯ್ತು ಬುಡು. ಇನ್ನು ಓದ್ಕೊ" ಎಂದು ಪೇಪರ್ ಮಡಿಸಿದೆ. ಅವಳು ಕದಲಲಿಲ್ಲ.

"ಎಡಗಣ್ಣು ಕಾಣ್ತಿಲ್ಲ" ಎಂದಳು.

ಭಾನುವಾರ ಬಾಗಿಲು ತೆರೆದಿದ್ದ ಕಣ್ಣಾಸ್ಪತ್ರೆ ಹುಡುಕಿಕೊಂಡು ಹೋದೆವು. ಡಾಕ್ಟರಿಗೆ ನನ್ನ ಮಗಳಿಗಿಂತ ಇಪ್ಪತ್ತು ವರ್ಷ ದೊಡ್ಡ ವಯಸ್ಸಿರಬಹುದು, ತಾಳ್ಮೆಯ ಹೆಂಗಸು. ದಪ್ಪ ಪವರಿನ ಕಣ್ಣುಗಳಲ್ಲಿ ಒಳಗಿನ ಪರೆ ತೆಳ್ಳಗಿರುತ್ತದೆ, ಪೆಟ್ಟು ಬಿದ್ದರೆ ಹರಿಯುತ್ತದೆ, ಹರಿದ ಕಡೆಯಿಂದ ನೀರು ಇಳಿದು, ಗೋಡೆಗೆ ಅಂಟಿಸಿದ ಕಾಗದ ಬಿಟ್ಟುಕೊಳ್ಳುವ ಹಾಗೆ ಪರೆ ಬಿಟ್ಟುಕೊಳ್ಳುತ್ತಾ ಹೋಗುತ್ತದೆ ಎಂದು ಬಿಡಿಸಿ ಹೇಳಿದರು. ಮೊದಲು ಕಪ್ಪು ಚುಕ್ಕೆ ಓಡಾಡುತ್ತವೆ, ಮಿಂಚು ಬರುತ್ತದೆ, ಆಮೇಲೆ ಒಂದು ಕಡೆಯಿಂದ ಕತ್ತಲೆ ಏರುತ್ತದೆ. "ಯಾವಾಗಿಂದ ಮಿಂಚು ಕಾಣ್ತಿತ್ತು ಪುಟ್ಟ?" ಎಂದು ಮಗಳನ್ನು ಕೇಳಿದರು. ಮಗಳು ನನ್ನ ಕಡೆ ನೋಡದೆ ತಾರೀಕು ಹೇಳಿದಳು. ಡಾಕ್ಟರು ಬರೆದುಕೊಳ್ಳುತ್ತಿದ್ದವರು ಪೆನ್ನು ನಿಲ್ಲಿಸಿದರು.

ಮಾರನೆಯ ದಿನವೇ ಆಪರೇಷನ್ ಆಯಿತು. ಕಣ್ಣೊಳಗೆ ಗಾಳಿಯಂಥದ್ದೇನೋ ತುಂಬಿದ್ದಾರೆ, ಅದು ಪರೆಯನ್ನು ಒತ್ತಿ ಹಿಡಿಯಬೇಕು, ಅದಕ್ಕೆ ಹತ್ತು ದಿನ ಮುಖ ಕೆಳಗೆ ಮಾಡಿಯೇ ಇರಬೇಕು ಎಂದರು. ಶ್ರೀರಾಂಪುರದ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ಅವಳು ಬೋರಲು ಮಲಗಿದಳು. ಊಟಕ್ಕೆ ಎದ್ದರೂ ಗಲ್ಲ ಎದೆಗೆ ತಾಗಿರಬೇಕು. ತಟ್ಟೆ ಬಿಟ್ಟರೆ ಅವಳಿಗೆ ಏನೂ ಕಾಣುತ್ತಿರಲಿಲ್ಲ. ನಮಗೆ ಕಾಣುತ್ತಿದ್ದದ್ದು ಅವಳ ಬೈತಲೆ ಮಾತ್ರ. ಹೆಂಡತಿ ರಜೆ ಹಾಕಿ ಕೂತಳು. ನನ್ನ ಜೊತೆ ಅಡುಗೆ, ಔಷಧಿ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ.

ನಾಲ್ಕನೆಯ ದಿನ ಪಿ.ಟಿ. ಮೇಷ್ಟ್ರು ಹಣ್ಣು ತೆಗೆದುಕೊಂಡು ಬಂದರು. ಬಾಗಿಲಲ್ಲೇ ಅವರನ್ನು ಹಿಡಿದು ಎಲ್ಲಿ ಪೆಟ್ಟು ಬಿತ್ತು ಎಂದು ಕೇಳಿದೆ. ಅದುವರೆಗೆ ಮಗಳು ಬಾಯಿ ಬಿಟ್ಟಿರಲಿಲ್ಲ. ಮೇಷ್ಟ್ರು ತಡವರಿಸಿದರು. ಪ್ರಾಕ್ಟೀಸಿನಲ್ಲಿ ಅವಳ ಗೆಳತಿಯ ಮೊಣಕೈ ಕಣ್ಣಿಗೆ ತಾಗಿತಂತೆ. ಏನಿಲ್ಲ ಸಾರ್ ಎಂದು ಇವಳು ಎದ್ದು ಓಡಿದಳಂತೆ, ಅವರೂ ಬಿಟ್ಟರಂತೆ. ಆ ಗೆಳತಿ ನಮ್ಮ ಮನೆಗೆ ಎಷ್ಟೋ ಸಲ ಬಂದವಳು, ತಂಡದಲ್ಲಿ ಇವಳಿಗಿಂತ ವೇಗದ ಓಟಗಾರ್ತಿ. ಅವರ ಮನೆ ಕಡಕೊಳದಲ್ಲಿ. ಚಾಮರಾಜನಗರದ ಕಡೆಯ ಹಳ್ಳಿಯಿಂದ ಬಂದವರು. ತಂದೆ ಕೈಗಾರಿಕಾ ಪ್ರದೇಶದಲ್ಲಿ ಲೋಡಿಂಗ್ ಕೆಲಸಕ್ಕೆ ಹೋಗುತ್ತಾರೆ, ತಾಯಿ ಗಾರ್ಮೆಂಟ್ಸಿಗೆ.

ಮೇಷ್ಟ್ರು ಗೇಟು ದಾಟುವ ಮೊದಲೇ ನಾನು ಸ್ಕೂಟರ್ ತೆಗೆದಿದ್ದೆ.

ಅಲ್ಲಿ ಏನೇನು ಅಂದೆನೋ ಎಲ್ಲ ನೆನಪಿಲ್ಲ. ನೆನಪಿರುವುದನ್ನು ಬರೆಯುವ ಧೈರ್ಯವಿಲ್ಲ. ಒಂದೇ ಕೋಣೆಯ ಮನೆ, ಹುಡುಗಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಳು. "ಕಣ್ಣಿಗೆ ಹೊಡೆದು ಹತ್ತೊಂಬತ್ತು ದಿನ ಬಾಯಿ ಮುಚ್ಕೊಂಡಿದ್ಯಲ್ಲ, ನೀನೆಂಥ ಫ್ರೆಂಡು?" ಎಂದು ಕೂಗಿದ್ದು ನೆನಪಿದೆ. ಅಕ್ಕಪಕ್ಕದವರು ಹೊರಗೆ ಬಂದರು. ಹುಡುಗಿ ಅಳಲಿಲ್ಲ. "ಆಣೆ ಹಾಕಿಸ್ಕೊಂಡಿದ್ಲು ಅಂಕಲ್" ಎಂದಳು. ತಾಯಿ ಒಳಗಿನಿಂದ ಬಂದು ಮಗಳನ್ನು ಹಿಂದಕ್ಕೆ ತಳ್ಳಿ ತಾನು ಮುಂದೆ ನಿಂತರು. "ಬೇಕೂಂತ ಮಾಡಿದ್ದಲ್ಲ ಅಣ್ಣ. ಅಂಗೆಲ್ಲ ಅನ್ಬೇಡಿ. ಎಂಗೆ ಇದ್ದಾಳೆ ಮಗ, ಅದೇಳಿ ಮೊದ್ಲು" ಎಂದರು. ನಾನು ಸ್ಕೂಟರ್ ಹತ್ತಿದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎಂದು ನಮ್ಮವ್ವ ಹೇಳುತ್ತಿದ್ದಳು. ನನಗೆ ಹೇಳಿ ಹೇಳಿಯೇ ಸತ್ತಳು.

ಮನೆಗೆ ಬಂದು ಮಗಳ ಮಂಚದ ಪಕ್ಕ ನೆಲದ ಮೇಲೆ ಕೂತೆ. ಅವಳ ಮುಖ ದಿಂಬಿನಲ್ಲಿ ಹುದುಗಿತ್ತು.

"ಕಡಕೊಳಕ್ಕೆ ಹೋಗಿದ್ರಾ?" ಎಂದಳು.

ನಾನು ಜಾರಿದ್ದ ಹೊದಿಕೆಯನ್ನು ಅವಳ ಬೆನ್ನಿನ ಮೇಲೆ ಎಳೆದೆ.

"ಹೋಗ್ತೀರಾ ಅಂತ ಗೊತ್ತಿತ್ತು."

ಆಗಲಾದರೂ ನಾನು ಬಾಯಿ ಮುಚ್ಚಿಕೊಂಡು ಕೂರಬೇಕಿತ್ತು. ಅಭ್ಯಾಸ ಬಿಡಬೇಕಲ್ಲ. ಮೊದಲಿನಿಂದ ಹೇಳು, ಏನೂ ಅನ್ನುವುದಿಲ್ಲ ಎಂದೆ. ಕೈ ತಾನಾಗಿಯೇ ಟೀಪಾಯ್ ಮೇಲಿದ್ದ ಪೆನ್ನು, ಔಷಧಿ ಚೀಟಿಯ ಹಿಂಬದಿ ಎಳೆದುಕೊಂಡಿತ್ತು. ಕಾಗದದ ಸದ್ದು ಅವಳಿಗೆ ಕೇಳಿಸಿತು.

"ಬರ್ಕೊಳ್ತೀರಾ?" ಎಂದಳು. ಪೆನ್ನು ಕೆಳಗಿಟ್ಟೆ.

ಅವಳು ಹೇಳಿದಳು. ದಿಂಬಿನೊಳಗಿನಿಂದ ಬರುವ ದನಿ, ನಡುನಡುವೆ ಉಸಿರು ತೆಗೆದುಕೊಳ್ಳಲು ಮುಖ ಸ್ವಲ್ಪ ಓರೆ ಮಾಡುವುದು. ಅಳು ಇರಲಿಲ್ಲ.

ಪೆಟ್ಟು ಬಿದ್ದ ಸಂಜೆಯೇ ಮಿಂಚು ಬಂತಂತೆ. ಎರಡನೆಯ ದಿನ ಮಸಿ ಚೆಲ್ಲಿದ ಹಾಗೆ ಚುಕ್ಕೆ. ನನಗೆ ಹೇಳಬೇಕು ಎಂದು ಎರಡು ಸಲ ನಡುಮನೆಯವರೆಗೆ ಬಂದಿದ್ದಳಂತೆ. ಹೇಳಿದರೆ ಏನಾಗುತ್ತದೆ ಎಂದು ಯೋಚಿಸಿದಳಂತೆ. ಮೊದಲನೆಯದು, ಮುಚ್ಚಳಿಕೆ ಇದೆ, ಆಟ ಬಿಡಬೇಕು. ತಾನು ಬಿಟ್ಟರೆ ತಂಡ ವಿಭಾಗ ಮಟ್ಟದಲ್ಲಿ ಸೋಲುತ್ತದೆ. ಸೋತರೆ ಗೆಳತಿಗೆ ರಾಜ್ಯ ಮಟ್ಟದ ಸರ್ಟಿಫಿಕೇಟ್ ಇಲ್ಲ. ಅದಿಲ್ಲದಿದ್ದರೆ ಕ್ರೀಡಾ ಹಾಸ್ಟೆಲಿನ ಸೀಟಿಲ್ಲ. ಸೀಟಿಲ್ಲದಿದ್ದರೆ ಎಸ್ಸೆಸ್ಸೆಲ್ಸಿ ಆದ ಮೇಲೆ ಅವಳನ್ನೂ ಗಾರ್ಮೆಂಟ್ಸಿಗೆ ಕಳಿಸುವುದೆಂದು ಅವರ ಮನೆಯಲ್ಲಿ ಮಾತಾಗಿತ್ತು.

"ಅದೂ ಅಲ್ದೆ, ಯಾರು ಹೊಡೆದಿದ್ದು ಅಂತ ನೀವು ಕೇಳೇ ಕೇಳ್ತೀರ. ನಾನು ಹೇಳ್ದೆ ಇದ್ರೂ ಕಂಡುಹಿಡೀತೀರ, ಅದೇ ಅಲ್ವಾ ನಿಮ್ಮ ಕೆಲ್ಸ. ಆಮೇಲೆ ಅವ್ರ ಮನೆಗೆ ಹೋಗಿ ಕೂಗಾಡ್ತೀರ. ಅವ್ರಪ್ಪ ಅವ್ಳನ್ನ ಆಟದಿಂದ ಬಿಡಿಸ್ಬುಡ್ತಾರೆ."

"ಅಮ್ಮಂಗೆ ಹೇಳ್ಬಹುದಿತ್ತಲ್ಲ?"

"ಅಮ್ಮ ನಿಮ್ಮ ಹತ್ರ ಮುಚ್ಚಿಡಬೇಕಾಗ್ತಿತ್ತು. ಆಮೇಲೆ ಗೊತ್ತಾದ್ರೆ ಅಮ್ಮನ ಮೇಲೆ ಬೀಳ್ತಿದ್ರಿ."

ಅಷ್ಟೇ ಆಗಿದ್ದರೆ ಬೆಪ್ಪು ಹುಡುಗಿ, ಸ್ನೇಹದ ಹುಚ್ಚು ಎಂದು ತಳ್ಳಿಹಾಕುತ್ತಿದ್ದೆನೇನೋ. ಅವಳು ಕಣ್ಣನ್ನು ಮರೆತಿರಲಿಲ್ಲ. ದಿನಾ ಬೆಳಿಗ್ಗೆ ಬಚ್ಚಲುಮನೆಯ ಬಾಗಿಲಲ್ಲಿ ನಿಂತು, ಬಲಗಣ್ಣು ಮುಚ್ಚಿ, ಎದುರು ಗೋಡೆಯ ಗೀಸರನ್ನೇ ನೆಟ್ಟು ನೋಡಿ, ಅದರ ಕೆಳಗೆ ಟೈಲ್ಸಿನ ಎಷ್ಟು ಸಾಲು ಕಾಣುತ್ತದೆ ಎಂದು ಎಣಿಸುತ್ತಿದ್ದಳು. ಕತ್ತಲೆ ಕೆಳಗಿನಿಂದ ಏರುತ್ತಿತ್ತು. ನಲ್ಲಿ ಕಾಣದೆ ಹೋದ ದಿನ ಅಪ್ಪನಿಗೆ ಹೇಳಿಬಿಡಬೇಕು, ಆಟ ಹೋದರೆ ಹೋಗಲಿ ಎಂದು ತೀರ್ಮಾನಿಸಿಕೊಂಡಿದ್ದಳು. ಪಂದ್ಯದ ವಾರದ ಬುಧವಾರ ನಲ್ಲಿ ಕಾಣಲಿಲ್ಲ.

"ಮತ್ತೆ?" ಎಂದೆ.

"ಶನಿವಾರಕ್ಕೆ ಮೂರೇ ದಿನ ಇತ್ತು. ನಲ್ಲಿ ಬ್ಯಾಡ, ಅದ್ರ ಮೇಲಿರೋ ಸೋಪಿನ ಡಬ್ಬಿ ತನಕ ನೋಡೋಣ ಅಂದ್ಕೊಂಡೆ."

ಕಾರ್ಖಾನೆಯಲ್ಲಿ ನಾನು ದಿನಾ ನೋಡುವುದು ಅದನ್ನೇ. ಮೆಷಿನ್ನಿನ ಬಿಸಿ ಕೆಂಪು ಗೆರೆ ಮುಟ್ಟಿದರೆ ನಿಲ್ಲಿಸಬೇಕೆಂದು ದೊಡ್ಡ ದೊಡ್ಡ ಎಂಜಿನಿಯರುಗಳೇ ಗೆರೆ ಹಾಕಿರುತ್ತಾರೆ. ಆರ್ಡರ್ ಹೋಗಬೇಕಾದ ದಿನ ಹತ್ತಿರ ಬಂದಾಗ ಮೆಷಿನ್ ನಿಲ್ಲಿಸುವುದಿಲ್ಲ, ಗೆರೆಯನ್ನು ಮೇಲಕ್ಕೆ ಸರಿಸುತ್ತಾರೆ. ಐವತ್ತು ದಾಟಿದವರು, ಬಿ.ಇ. ಓದಿದವರು ಮಾಡುವುದನ್ನು ನನ್ನ ಮಗಳು ಹದಿನೈದಕ್ಕೆ ಮಾಡಿದ್ದಳು. ಇದರಲ್ಲಿ ವಯಸ್ಸಿನ ಹುಚ್ಚು ಎಲ್ಲಿಂದ ಬಂತು? ಅವಳ ಕಣ್ಣು ಅಷ್ಟು ಬೇಗ ಹೋಗುತ್ತದೆ ಎಂಬುದೊಂದು ಅವಳಿಗೆ ಗೊತ್ತಿರಲಿಲ್ಲ. ಉಳಿದದ್ದೆಲ್ಲ ಗೊತ್ತಿತ್ತು. ಅದರಲ್ಲೂ ನನ್ನನ್ನು ಪೂರ್ತಿ ಓದಿಕೊಂಡಿದ್ದಳು. ನಾನು ಏನು ಕೇಳುತ್ತೇನೆ, ಯಾವಾಗ ಏಳುತ್ತೇನೆ, ಯಾರ ಮನೆಗೆ ಹೋಗುತ್ತೇನೆ ಎಂದು ಒಂದೂ ತಪ್ಪಿಲ್ಲದೆ ಊಹಿಸಿದ್ದಳು. ಅವಳು ಹೇಗೆ ಯೋಚಿಸುತ್ತಾಳೆ ಎಂದು ತಿಳಿಯಲು ಕೂತ ನನಗೆ, ಅವಳು ಹತ್ತೊಂಬತ್ತು ದಿನ ಯೋಚಿಸಿದ್ದೆಲ್ಲ ನನ್ನ ಬಗ್ಗೆಯೇ ಎಂದು ತಿಳಿಯಿತು. ಅವಳ ತೀರ್ಮಾನದಲ್ಲಿ ಬದಲಾಯಿಸಬಹುದಾಗಿದ್ದ ಒಂದೇ ಒಂದು ಸಂಗತಿ ನಾನು. ಆ ಕೋಣೆಯಲ್ಲಿ ನನಗಾದ ನಾಚಿಕೆ ಇನ್ನೂ ಇಳಿದಿಲ್ಲ.

ಎದ್ದು ಹೋಗಿ ಬೀರು ತೆಗೆದು ಆ ಹಾಳೆಯನ್ನು ತಂದೆ. ಅವಳ ಮಂಚದ ಪಕ್ಕದಲ್ಲೇ ಹರಿದೆ. ಸದ್ದು ಕೇಳಿ ಅವಳಿಗೆ ಅರ್ಥವಾಯಿತು.

"ಈಗ ಹರಿದ್ರೆ ಏನು ಬಂತಪ್ಪ?" ಎಂದಳು. ವ್ಯಂಗ್ಯವಿರಲಿಲ್ಲ. ನಿಜವಾಗಿಯೂ ಕೇಳಿದ್ದಳು.

ಹತ್ತು ದಿನ ಬೋರಲು ಮಲಗಿದ್ದು ವ್ಯರ್ಥವಾಯಿತು. ಮುಂದಿನ ತಿಂಗಳು ಪರೆ ಮತ್ತೆ ಬಿಟ್ಟುಕೊಂಡಿತು. ಎರಡನೆಯ ಆಪರೇಷನ್ ಮಾಡಿ ಗಾಳಿಯ ಬದಲು ಎಣ್ಣೆ ತುಂಬಿದರು. ಅದರ ಮೇಲೂ ಆಗಲಿಲ್ಲ. ಇನ್ನು ಈ ಕಣ್ಣಿಗೆ ಕೈ ಹಾಕುವುದು ಬೇಡ, ಬಲಗಣ್ಣನ್ನು ಕಾಪಾಡಿಕೊಳ್ಳೋಣ ಎಂದರು ಡಾಕ್ಟರು. ಅದರಲ್ಲೂ ಪರೆ ತೆಳ್ಳಗಿರುವ ಜಾಗಗಳಿವೆ. ಒಂದೆರಡು ಕಡೆ ಲೇಸರ್ ಹಾಕಿ ಬಿಗಿ ಮಾಡಿದ್ದಾರೆ. ಮಿಂಚು ಬಂದರೆ, ಹೊಸ ಚುಕ್ಕೆ ಕಂಡರೆ ಅದೇ ದಿನ, ಅದೇ ಗಂಟೆಯಲ್ಲಿ ಹೊರಟು ಬರಬೇಕು ಎಂದು ನನ್ನನ್ನೂ ಅವಳನ್ನೂ ಎದುರು ಬದುರು ಕೂರಿಸಿ ಹೇಳಿದರು.

ತಂಡ ಅವಳಿಲ್ಲದೆ ರಾಜ್ಯ ಮಟ್ಟಕ್ಕೆ ಹೋಗಿ ಮೊದಲ ಸುತ್ತಿನಲ್ಲೇ ಸೋತು ಬಂದಿತು. ಸರ್ಟಿಫಿಕೇಟ್ ಬಂತು, ಗೆಳತಿಗೆ ಹಾಸ್ಟೆಲಿನಲ್ಲಿ ಸೀಟೂ ಸಿಕ್ಕಿತು. ನನ್ನ ಮಗಳು ಹಾಕಿಕೊಂಡಿದ್ದ ಲೆಕ್ಕದಲ್ಲಿ ಅಷ್ಟು ಮಾತ್ರ ಸರಿಹೋಯಿತು. ನಾನು ಕಡಕೊಳಕ್ಕೆ ಮತ್ತೊಮ್ಮೆ ಹೋಗಿ ಕ್ಷಮೆ ಕೇಳಿದೆ. ಆ ತಾಯಿ ಕಾಫಿ ಕೊಟ್ಟರು, ಒಂದೂ ಕೆಟ್ಟ ಮಾತಾಡಲಿಲ್ಲ. ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಹುಡುಗಿ ಒಳಗೇ ಇದ್ದಳು, ಹೊರಗೆ ಬರಲಿಲ್ಲ.

ಮಗಳು ಈಗ ಎರಡನೇ ಪಿ.ಯು. ಒಂದೇ ಕಣ್ಣಿನಲ್ಲಿ ಬಸ್ಸಿನ ಮೆಟ್ಟಿಲು ಹತ್ತುವಾಗ ಮೊದಮೊದಲು ಎಡವುತ್ತಿದ್ದಳು, ಲೋಟಕ್ಕೆ ನೀರು ಬಗ್ಗಿಸಿದರೆ ಹೊರಗೆ ಚೆಲ್ಲುತ್ತಿದ್ದಳು. ಈಗ ರೂಢಿಯಾಗಿದೆ. ನನ್ನ ರೂಢಿ ಬೇರೆ. ಎರಡು ವರ್ಷದಿಂದ ದಿನಾ ಬೆಳಿಗ್ಗೆ "ಕಣ್ಣು ಹೆಂಗಿದೆ ಮಗ?" ಎಂದು ಕೇಳುತ್ತೇನೆ. "ಚೆನ್ನಾಗಿದೆ ಅಪ್ಪ" ಎನ್ನುತ್ತಾಳೆ. ಕಾರ್ಖಾನೆಯಲ್ಲಿ ಸಾಹೇಬರು ಬಂದು ಎಲ್ಲಾ ಸರಿಯಾಗಿದೆಯಾ ಎಂದು ಕೇಳಿದರೆ ಸರಿಯಾಗಿದೆ ಸಾರ್ ಎನ್ನುವುದಿಲ್ಲವೇ, ಆ ಉತ್ತರಕ್ಕೆ ಎಷ್ಟು ಬೆಲೆ ಎಂದು ನನಗಿಂತ ಚೆನ್ನಾಗಿ ಬಲ್ಲವರಿಲ್ಲ. ಆದರೂ ಕೇಳುತ್ತೇನೆ. ಆಮೇಲೆ ಅವಳು ಬಚ್ಚಲುಮನೆಗೆ ಹೋದರೆ ಬಾಗಿಲಲ್ಲಿ ಎಷ್ಟು ಹೊತ್ತು ನಿಲ್ಲುತ್ತಾಳೆ ಎಂದು ಕದ್ದು ನೋಡುತ್ತೇನೆ. ಬದಲಾಗಿದ್ದೇನೆ ಎಂದು ಅವಳಿಗೆ ತೋರಿಸಲು ಮಾಡಿದ ಪ್ರಯತ್ನಗಳನ್ನು ಬರೆದರೆ ನಗುತ್ತೀರಿ. ಒಮ್ಮೆ ಅವಳು ಹೊಸ ಫೋನ್ ಬೀಳಿಸಿ ಒಡೆದಾಗ, ಹೇಳಿದ್ದು ಒಳ್ಳೆಯದಾಯಿತು ಎಂದು ಮೈಸೂರು ಪಾಕ್ ತಂದುಕೊಟ್ಟೆ. ಅವಳು ಅದನ್ನು ತಿನ್ನುತ್ತಾ ನನ್ನನ್ನೇ ನೋಡುತ್ತಿದ್ದಳು, ಅಪ್ಪನಿಗೆ ಮೈ ಸರಿಯಿಲ್ಲವೇನೋ ಎನ್ನುವ ಹಾಗೆ.

ಹೋದ ತಿಂಗಳ ಒಂದು ಶನಿವಾರ. ಹೆಂಡತಿಗೆ ಬೆಳಗಿನ ಶಾಲೆ, ಏಳಕ್ಕೆಲ್ಲ ಹೊರಟಿದ್ದಳು. ನನಗೆ ಎರಡನೇ ಪಾಳಿ. ನಾನೂ ಮಗಳೂ ಎದುರು ಬದುರು ಕೂತು ಉಪ್ಪಿಟ್ಟು ತಿಂದೆವು. ಕಣ್ಣು ಹೆಂಗಿದೆ ಎಂದು ಆ ದಿನವೂ ಕೇಳಿದ್ದೆ, ಚೆನ್ನಾಗಿದೆ ಎಂದಿದ್ದಳು. ತಿಂಡಿಯ ನಡುವೆ ಒಮ್ಮೆ ತಲೆಯೆತ್ತಿ ನನ್ನನ್ನು ನೋಡಿದಳು. ಉಪ್ಪು ಬೇಕಾ ಎಂದೆ. ಬೇಡ ಎಂದು ತಟ್ಟೆ ತೊಳೆದಿಟ್ಟು, ಬ್ಯಾಗ್ ಹಾಕಿಕೊಂಡು ಕಾಲೇಜಿಗೆಂದು ಹೊರಟಳು.

ಹತ್ತೂವರೆಗೆ ಫೋನ್ ಬಂತು.

"ಅಪ್ಪ, ಕಣ್ಣಾಸ್ಪತ್ರೇಲಿದೀನಿ. ಗಾಬರಿ ಆಗ್ಬೇಡಿ. ಬಲಗಣ್ಣಲ್ಲಿ ಮಿಂಚು ಬಂತು. ಡಾಕ್ಟ್ರು ನೋಡಿದ್ರು. ಸಣ್ಣದೊಂದು ತೂತಾಗಿದೆಯಂತೆ, ಪರೆ ಇನ್ನೂ ಬಿಟ್ಕೊಂಡಿಲ್ವಂತೆ. ಈಗ್ಲೇ ಲೇಸರ್ ಹಾಕಿದ್ರೆ ಸರಿ ಹೋಗುತ್ತಂತೆ. ಮನೆಯವ್ರು ಯಾರಾದ್ರೂ ಇರ್ಬೇಕಂತೆ." ಆಮೇಲೆ, "ಅಮ್ಮ ಫೋನ್ ಎತ್ತುತ್ತಿಲ್ಲ" ಎಂದಳು.

ಸ್ಕೂಟರ್ ಹೇಗೆ ಓಡಿಸಿದೆನೋ ಗೊತ್ತಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕಡಕೊಳದ ಆ ತಾಯಿ ಕೂತಿದ್ದರು. ಮಡಿಲಲ್ಲಿ ನನ್ನ ಮಗಳ ಬ್ಯಾಗು, ಕೈಯಲ್ಲಿ ಅವಳ ಕನ್ನಡಕ. ಅಂದು ಅವರಿಗೆ ಕೆಲಸಕ್ಕೆ ಹೋಗುವ ದಿನವೇ. ಹಾಸ್ಟೆಲಿನಲ್ಲಿರುವ ಗೆಳತಿಗೆ ಮಗಳು ಫೋನ್ ಮಾಡಿ, ಅವಳು ತಾಯಿಗೆ ಮಾಡಿ, ಈ ಹೆಂಗಸು ಬಸ್ಸು ಹಿಡಿದು ಇಲ್ಲಿಗೆ ಬಂದಿದ್ದರು. "ಬನ್ನಿ ಅಣ್ಣ, ಕೂತ್ಕೊಳಿ. ಏನೂ ಆಗಿಲ್ಲ" ಎಂದು ಜಾಗ ಬಿಟ್ಟುಕೊಟ್ಟರು. ನಾನು ಕೈ ಮುಗಿದೆ.

ಲೇಸರ್ ಅರ್ಧ ಗಂಟೆಯೊಳಗೆ ಮುಗಿಯಿತು. ಸರಿಯಾದ ಹೊತ್ತಿಗೆ ಬಂದಿದ್ದಾಳೆ, ಜಾಣೆ ಎಂದರು ಡಾಕ್ಟರು. ಸ್ವಲ್ಪ ಹೊತ್ತು ಬಲಗಣ್ಣಿಗೂ ಕತ್ತಲೆ ಕಟ್ಟಿರುತ್ತದೆ, ಕೂರಿಸಿಕೊಂಡಿರಿ ಎಂದು ನರ್ಸು ಅವಳನ್ನು ಹೊರಗೆ ಕರೆತಂದಳು. ಆ ತಾಯಿ ನನ್ನ ಹೆಂಡತಿಗೆ ಮತ್ತೆ ಫೋನ್ ಮಾಡಲು ಬಾಗಿಲ ಕಡೆಗೆ ಹೋದರು. ಬೆಂಚಿನ ಮೇಲೆ ನಾವಿಬ್ಬರೇ ಉಳಿದೆವು. ಅವಳು ಎರಡೂ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು, ಏನೂ ಕಾಣದೆ, ಎದುರಿನ ಗೋಡೆಯ ಕಡೆ ಮುಖ ಮಾಡಿ ಕೂತಿದ್ದಳು.

ಕೇಳಬಾರದು ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಬಂದಿದ್ದೆ. ಆದರೂ ಕೇಳಿದೆ.

"ಮಿಂಚು ಯಾವಾಗ ಬಂತಮ್ಮ?"

"ಎಂಟು ಗಂಟೆಗೆ."

"ಎಂಟಕ್ಕೆ ನಾವು ತಿಂಡಿ ತಿಂತಿದ್ವಲ್ಲ."

"ಹೂಂ. ಅಲ್ಲೇ ಬಂತು."

ಮುಂದಿನ ಪ್ರಶ್ನೆ ನನ್ನ ಬಾಯಲ್ಲೇ ಇತ್ತು. ಕೇಳಲಿಲ್ಲ. ಕೇಳದಿದ್ದರೂ ಅವಳು ಹೇಳಿದಳು. ಸಿಟ್ಟಿನಿಂದಲ್ಲ, ಯಾವ ಬಸ್ಸು ಎಲ್ಲಿಗೆ ಹೋಗುತ್ತದೆ ಎಂದು ಹೇಳುವಷ್ಟು ಸಮಾಧಾನವಾಗಿ.

"ನಿಮಗೆ ಹೇಳಿದ್ರೆ ಮೊದ್ಲು ಯಾವಾಗ ಅಂತೀರ, ಆಮೇಲೆ ಯಾಕೆ ಅಂತೀರ, ಆಮೇಲೆ ಅಳ್ತೀರ. ನಾನು ನಿಮ್ಮನ್ನ ಸಮಾಧಾನ ಮಾಡ್ಬೇಕು. ಅಷ್ಟ್ರಲ್ಲಿ ಲೇಟಾಗ್ಬುಡೋದು ಅಪ್ಪ. ಅದಕ್ಕೆ ಬಸ್ ಹತ್ಬುಟ್ಟೆ."

ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ನಾನು ಬಾಯಿಗೆ ಕರ್ಚೀಫು ಒತ್ತಿಕೊಂಡು, ಸದ್ದಾಗದ ಹಾಗೆ ಉಸಿರು ಬಿಗಿಹಿಡಿದು ಕೂತೆ. ಅವಳು ನನ್ನ ಕಡೆಗೆ ಮುಖ ತಿರುಗಿಸಿದಳು.

"ಅಳ್ತಿದೀರಾ?" ಎಂದಳು.

"ಇಲ್ಲ ಕಣಮ್ಮ" ಎಂದೆ.